ಹಳೆಯ ಬೋರ್ಡೋ ವೈನ್: ಲಾತೂರ್ ಆರಿಸಲೋ, ಪೆತ್ರೂಸ್ ಆರಿಸಲೋ?

ಎರಡೂ ಫ್ರಾನ್ಸ್‌ನ ಬೋರ್ಡೋ ಪ್ರದೇಶದ ಹೆಸರಾಂತ ಕೆಂಪು ವೈನ್‌ಗಳು. ಎರಡೂ 1982ರ ಬಾಟಲಿ ಎಂದಿಟ್ಟುಕೊಳ್ಳಿ. ಪೊಯಾಕ್ ಊರಿನ ಲಾತೂರ್ ಜಲ್ಲಿಕಲ್ಲಿನ ನೆಲದ್ದು. ಹೆಚ್ಚಿನ ಪಾಲು ಕ್ಯಾಬರ್ನೆ ಸೊವಿನ್ಯೋಂ ದ್ರಾಕ್ಷಿ. ವಯಸ್ಸಾದರೂ ಒಳಗೊಂದು ಬಿಗಿ ಉಳಿದಿರುತ್ತದೆ. ಸೀಡರ್ ಮರ, ತಂಬಾಕು, ಕಪ್ಪು ಕರಂಟ್ ಹಣ್ಣು, ಹೀಗೆ ಪರಿಮಳ ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ಸಮಯ ಕೊಡಬೇಕು. ಕುರಿಮಾಂಸದ ಊಟದ ಜೊತೆ ತುಂಬಾ ಚೆನ್ನ.

ಪೊಮೆರೋಲ್ ಊರಿನ ಪೆತ್ರೂಸ್, ಬೋರ್ಡೋ ವೈನ್‌ಗಳಿಗೆ ದರ್ಜೆ ಕೊಟ್ಟ 1855ರ ಪಟ್ಟಿಯಲ್ಲೇ ಇಲ್ಲ. ಲಾತೂರ್ ಅಲ್ಲಿ ಮೊದಲ ದರ್ಜೆ. ಆದರೂ ಪೆತ್ರೂಸ್‌ಗೇ ಬೆಲೆ ಜಾಸ್ತಿ! ಜೇಡಿಮಣ್ಣಿನಲ್ಲಿ ಬೆಳೆದ ಮೆರ್ಲೋ ದ್ರಾಕ್ಷಿಯ ವೈನ್ ಅದು, ನಾಲಿಗೆಗೆ ಮೆತ್ತಗೆ, ಟ್ರಫಲ್ ಅಣಬೆಯ ಘಮ. ಒಗರು ಇಷ್ಟವಿಲ್ಲದವರಿಗೆ ಇದೇ ಸರಿ.

ನನ್ನ ಒಲವು ಲಾತೂರ್ ಕಡೆಗೆ. ಯಾವುದೇ ಆಗಲಿ, ಹಿಂದಿನ ದಿನವೇ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ, ಗಸಿ ತಳಕ್ಕಿಳಿಯಲಿ. ಹಳೆಯ ಕಾರ್ಕ್ ಪುಡಿಯಾಗಬಹುದು, ಮೆಲ್ಲಗೆ ತೆಗೆಯಿರಿ.