ಶುಗರ್ ಇರುವವರಿಗೆ ‘ಸಕ್ಕರೆ ಇಲ್ಲದ ಸಿತೋಪಲಾದಿ ಚೂರ್ಣ’ ಅಂತ ಮಾರುತ್ತಿದ್ದಾರೆ, ತಗೋಬೇಡಿ

ಹದಿನೈದು ದಿನದಿಂದ ಇದನ್ನು ಬರೆಯಬೇಕು ಅಂದುಕೊಂಡು ಸುಮ್ಮನಾಗಿದ್ದೆ. ನಾಚಿಕೆ ಆಗುತ್ತಿತ್ತು. ಓದಿದವಳು, ಕೆಲಸಕ್ಕೆ ಹೋಗುವವಳು ಹೀಗೆ ಮೋಸ ಹೋದೆ ಅಂತ ಹೇಳಿಕೊಳ್ಳುವುದು ಹೇಗೆ? ಆದರೆ ನಿನ್ನೆ ಅದೇ ಮನುಷ್ಯನ ವಿಡಿಯೊ ನಮ್ಮ ದೊಡ್ಡಮ್ಮನ ಫೋನಿಗೆ ಬಂದಿದೆ. ಅವರಿಗೂ ಶುಗರ್ ಇದೆ. ಇನ್ನು ಸುಮ್ಮನಿರುವುದು ತಪ್ಪು.

ನಮ್ಮ ಅಮ್ಮನಿಗೆ 68 ವರ್ಷ. ಹನ್ನೆರಡು ವರ್ಷದಿಂದ ಶುಗರ್. ಮಾತ್ರೆ, ರಾಗಿ ಮುದ್ದೆ, ಸಂಜೆಯ ನಡಿಗೆ, ಯಾವುದನ್ನೂ ತಪ್ಪಿಸುವುದಿಲ್ಲ. ಹಬ್ಬದ ದಿನ ಹೋಳಿಗೆ ಮಾಡಿ ಎಲ್ಲರಿಗೂ ಬಡಿಸಿ, ತಾನು ಒಂದು ಚೂರೂ ಬಾಯಿಗೆ ಹಾಕದ ಹೆಂಗಸು. ಈ ಮಳೆಗಾಲದಲ್ಲಿ ಕೆಮ್ಮು ಹಿಡಿಯಿತು. ಮೂರು ವಾರ ಆದರೂ ಹೋಗಲಿಲ್ಲ. ಜೊತೆಗೆ ಹೊಟ್ಟೆ ಉಬ್ಬರ, ಊಟ ಸೇರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ನಮಗೆ ಕೆಮ್ಮು ಬಂದರೆ ಅಜ್ಜಿ ಸಿತೋಪಲಾದಿ ಚೂರ್ಣವನ್ನು ಜೇನುತುಪ್ಪದಲ್ಲಿ ಕಲಸಿ ನೆಕ್ಕಿಸುತ್ತಿದ್ದರು. ಅದೇ ನೆನಪು ಇತ್ತು. ಅಷ್ಟರಲ್ಲಿ ಫೋನಿನಲ್ಲಿ ಆ ವಿಡಿಯೊ. ‘ನಾಲ್ಕು ತಲೆಮಾರಿನ ನಾಟಿ ವೈದ್ಯ ಮನೆತನ, ಸಕ್ಕರೆ ಇಲ್ಲದ ಸಿತೋಪಲಾದಿ, ಶುಗರ್ ಇರುವವರಿಗೆ ವಿಶೇಷ.’

ನಾನು ಕೇಳದೆ ತಗೊಂಡವಳಲ್ಲ. ಇದನ್ನು ಮತ್ತೆ ಮತ್ತೆ ಹೇಳುತ್ತೇನೆ, ಯಾಕಂದರೆ ನಮ್ಮ ಮನೆಯವರೇ ‘ಕೇಳಬೇಕಿತ್ತು’ ಅಂದರು. ಕೇಳಿದ್ದೆ. ಫೋನ್ ಮಾಡಿ, ಅಮ್ಮನಿಗೆ ಶುಗರ್ ಇದೆ, ಮಾತ್ರೆ ತಗೋತಾರೆ ಅಂತ ಬಿಡಿಸಿ ಹೇಳಿದ್ದೆ. ಆತ ಹೇಳಿದ್ದು ಇದು: ‘ಅಕ್ಕ, ನಮ್ಮದರಲ್ಲಿ ಒಂದು ಕಾಳು ಸಕ್ಕರೆ ಇಲ್ಲ. ಶುಗರ್ ಇರೋರಿಗೋಸ್ಕರನೇ ಮಾಡಿಸಿದ್ದು. ನಿಮ್ಮಮ್ಮ ಬೇರೆ, ನಮ್ಮಮ್ಮ ಬೇರೆನಾ?’

ಆ ಕೊನೆಯ ಮಾತಿಗೆ ನಾನು ಕರಗಿಹೋದೆ.

ಒಂದು ಡಬ್ಬಿಗೆ 650 ರೂಪಾಯಿ. ಯಾಕಿಷ್ಟು ಜಾಸ್ತಿ ಅಂತ ಕೇಳಿದ್ದಕ್ಕೆ, ‘ಅಸಲಿ ವಂಶಲೋಚನ ಹಾಕ್ತೀವಿ ಅಕ್ಕ, ಅದರ ರೇಟು ಕೇಳಿದ್ರೆ ಗೊತ್ತಾಗುತ್ತೆ’ ಅಂದ. ಬಿದಿರಿನ ಗಂಟಿನೊಳಗೆ ಸಿಗುವ ವಂಶಲೋಚನ ದುಬಾರಿ ಅನ್ನುವುದು ನಿಜವೇ. ಹಾಗಾಗಿ ನಂಬಿದೆ. ಎರಡು ಡಬ್ಬಿಗೆ 1,300 ರೂಪಾಯಿ ಮೊದಲೇ ಹಾಕಿಸಿಕೊಂಡ. ದೊಡ್ಡ ಚಮಚದಲ್ಲಿ ದಿನಕ್ಕೆ ನಾಲ್ಕು ಸಲ, ಜೇನುತುಪ್ಪದ ಜೊತೆ ಅಂದ. ಜೇನುತುಪ್ಪವೂ ಸಿಹಿಯೇ ಅಲ್ವಾ ಅಂತ ಕೇಳಿದೆ. ‘ಕಾಡುಜೇನು ತಗೊಳ್ಳಿ ಅಕ್ಕ, ಅದು ಏನೂ ಮಾಡಲ್ಲ.’

ಮೊದಲ ದಿನವೇ ಅಮ್ಮ ಹೇಳಿದರು, ‘ಸಿಹಿ ಇದೆ ಕಣೇ. ಖಾರವೇ ಇಲ್ಲ.’ ನಾನು ಆತನಿಗೆ ಮೆಸೇಜ್ ಹಾಕಿದೆ. ‘ಅದು ಜೇಷ್ಠಮಧು ಬೇರಿನ ಸಿಹಿ ಅಕ್ಕ’ ಅಂತ ಉತ್ತರ ಬಂತು. ಜೇಷ್ಠಮಧು ಸಿಹಿ ಇರುತ್ತದೆ ಅಂತ ನನಗೂ ಗೊತ್ತಿತ್ತು. ಹಾಗಾಗಿ ಅಮ್ಮನಿಗೆ ನಾನೇ ಗದರಿದೆ. ‘ಔಷಧ ಅಮ್ಮ ಅದು, ಸುಮ್ನೆ ತಗೋ.’ ಈ ಮಾತು ನೆನಪಾದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಅಮ್ಮನ ನಾಲಿಗೆ ಸರಿಯಾಗಿಯೇ ಹೇಳಿತ್ತು. ನಾನು ಅವರ ಬಾಯಿ ಮುಚ್ಚಿಸಿದೆ.

ಎರಡು ವಾರದಲ್ಲಿ ಅಮ್ಮನಿಗೆ ಬಾಯಾರಿಕೆ, ರಾತ್ರಿ ನಾಲ್ಕೈದು ಸಲ ಎದ್ದು ಹೋಗುವುದು, ಸುಸ್ತು. ಕೆಮ್ಮು ಇದ್ದ ಹಾಗೇ ಇತ್ತು. ರಕ್ತ ಪರೀಕ್ಷೆ ಮಾಡಿಸಿದರೆ ಖಾಲಿ ಹೊಟ್ಟೆಯಲ್ಲಿ 226. ಎರಡು ತಿಂಗಳ ಹಿಂದೆ 124 ಇತ್ತು. ಡಾಕ್ಟರು ‘ಹೊಸದಾಗಿ ಏನು ತಿಂತಿದ್ದೀರಿ?’ ಅಂತ ಕೇಳಿದರು. ಏನೂ ಇಲ್ಲ ಅಂದೆವು. ಚೂರ್ಣದ ನೆನಪೇ ಆಗಲಿಲ್ಲ. ಸಕ್ಕರೆ ಇಲ್ಲದ್ದು ಅಂತ ನಂಬಿದ್ದೆವಲ್ಲ.

ಮನೆಗೆ ಬಂದ ಮೇಲೆ ಅನುಮಾನ ಬಂದು, ನಮ್ಮ ಬಡಾವಣೆಯ ಆಯುರ್ವೇದ ಡಾಕ್ಟರ ಹತ್ತಿರ ಡಬ್ಬಿ ತಗೊಂಡು ಹೋದೆ. ಅವರು ಡಬ್ಬಿಯ ಮೇಲೆ ಬರೆದಿದ್ದನ್ನು ಓದಿ ನನ್ನ ಮುಖ ನೋಡಿದರು. ‘ಸಿತೋಪಲ ಅಂದ್ರೆ ಏನಮ್ಮಾ?’ ನನಗೆ ಗೊತ್ತಿರಲಿಲ್ಲ. ‘ಸಿತ ಅಂದ್ರೆ ಬಿಳಿ, ಉಪಲ ಅಂದ್ರೆ ಕಲ್ಲು. ಕಲ್ಲುಸಕ್ಕರೆ. ಹೆಸರಲ್ಲೇ ಇದೆಯಲ್ಲ.’

ನನಗೆ ಮಾತೇ ಹೊರಡಲಿಲ್ಲ. ಮೂವತ್ತು ವರ್ಷದಿಂದ ಬಾಯಲ್ಲಿ ಓಡಾಡುವ ಹೆಸರು. ಆ ಹೆಸರೇ ಸಕ್ಕರೆ. ಅವರು ಒಂದು ಚೀಟಿಯಲ್ಲಿ ಬರೆದು ತೋರಿಸಿದರು. ಕಲ್ಲುಸಕ್ಕರೆ 16 ಭಾಗ, ವಂಶಲೋಚನ 8, ಹಿಪ್ಪಲಿ 4, ಏಲಕ್ಕಿ 2, ದಾಲ್ಚಿನ್ನಿ 1. ಒಂದಕ್ಕಿಂತ ಒಂದು ಅರ್ಧ. ಒಟ್ಟು 31 ಭಾಗದಲ್ಲಿ 16 ಸಕ್ಕರೆ. ಅಂದರೆ ಅಸಲಿ ಚೂರ್ಣದಲ್ಲೇ ಅರ್ಧಕ್ಕಿಂತ ಜಾಸ್ತಿ ಸಕ್ಕರೆ. ಅದನ್ನು ತೆಗೆದುಬಿಟ್ಟರೆ ಅದು ಸಿತೋಪಲಾದಿ ಆಗಿ ಉಳಿಯುವುದಿಲ್ಲ. ಈ ಪಟ್ಟಿಯಲ್ಲಿ ಜೇಷ್ಠಮಧು ಇಲ್ಲವೇ ಇಲ್ಲ!

ಆಮೇಲೆ ಒಂದು ಲೋಟ ನೀರಿಗೆ ಒಂದು ಚಮಚ ಪುಡಿ ಹಾಕಿ ಕಲಕಿದರು. ಹಿಪ್ಪಲಿ, ದಾಲ್ಚಿನ್ನಿ ಪುಡಿ, ವಂಶಲೋಚನ ನೀರಿನಲ್ಲಿ ಕರಗುವುದಿಲ್ಲ, ತಳದಲ್ಲಿ ಚೆನ್ನಾಗಿಯೇ ಕೂರಬೇಕು ಅಂದರು. ನಮ್ಮ ಲೋಟದ ತಳದಲ್ಲಿ ಉಗುರಿನಷ್ಟು ಕಂದು ಪುಡಿ. ಮಿಕ್ಕಿದ್ದೆಲ್ಲ ಕರಗಿಹೋಯಿತು. ಅಸಲಿಯಲ್ಲಿ ಇರುವ ಅರ್ಧವಲ್ಲ, ಇದು ಬಹುಪಾಲು ಬರೀ ಸಕ್ಕರೆ. ಇದನ್ನು ನನ್ನ ಕೈಯಾರೆ ದಿನಕ್ಕೆ ನಾಲ್ಕು ಸಲ ಅಮ್ಮನಿಗೆ ತಿನ್ನಿಸಿದ್ದೇನೆ, ಅದರ ಮೇಲೆ ಜೇನುತುಪ್ಪ ಬೇರೆ. ನಿಜವಾದ ಚೂರ್ಣದ ಅಳತೆ ಕೂಡ ಒಂದು ಹೊತ್ತಿಗೆ ಒಂದರಿಂದ ಮೂರು ಗ್ರಾಂ ಅಂತೆ, ದೊಡ್ಡ ಚಮಚ ಅಲ್ಲ.

ಅಲ್ಲಿಂದಲೇ ಆತನಿಗೆ ಫೋನ್ ಮಾಡಿದೆ. ಅಲ್ಲಿಯವರೆಗೆ ‘ಅಕ್ಕ’ ಆಗಿದ್ದವಳು ಅವತ್ತು ‘ಮೇಡಂ’ ಆದೆ.

‘ಮೇಡಂ, ಅದು ಕಲ್ಲುಸಕ್ಕರೆ, ಸಕ್ಕರೆ ಅಲ್ಲ. ಎರಡಕ್ಕೂ ವ್ಯತ್ಯಾಸ ಗೊತ್ತಿಲ್ವಾ ನಿಮಗೆ?’

ಸಕ್ಕರೆ ಇಲ್ಲ ಅಂದವನೇ ಈಗ ಕಲ್ಲುಸಕ್ಕರೆ ಇದೆ ಅಂತ ಒಪ್ಪಿಕೊಂಡ, ಮತ್ತೆ ಅದು ಸಕ್ಕರೆ ಅಲ್ಲ ಅಂತ ನನಗೇ ಪಾಠ ಹೇಳಿದ. ಕಲ್ಲುಸಕ್ಕರೆ ಶುಗರ್ ಇರುವವರಿಗೆ ಸಕ್ಕರೆಯಷ್ಟೇ ಕೆಟ್ಟದ್ದು, ಹರಳು ದೊಡ್ಡದು ಅಷ್ಟೇ. ಅಮ್ಮನಿಗೆ 226 ಬಂದಿದೆ ಅಂದೆ. ‘ಆಯುರ್ವೇದದಲ್ಲಿ ಮೊದಲು ರೋಗ ಹೊರಗೆ ಬರುತ್ತೆ ಮೇಡಂ, ಆಮೇಲೆ ಇಳಿಯುತ್ತೆ. ಇನ್ನೊಂದು ಡಬ್ಬಿ ಮುಗಿಸಿ.’ ದುಡ್ಡು ವಾಪಸ್ ಕೊಡಿ ಅಂದೆ. ‘ತೆರೆದ ಡಬ್ಬಿ ವಾಪಸ್ ಇಲ್ಲ.’ ಒಂದು ಡಬ್ಬಿ ತೆರೆದೇ ಇಲ್ಲ ಅಂದೆ. ‘ನಂಬಿಕೆ ಇಲ್ಲದೋರಿಗೆ ಔಷಧ ಕೆಲಸ ಮಾಡಲ್ಲ’ ಅಂತ ಫೋನ್ ಇಟ್ಟ. ಆಮೇಲೆ ನಂಬರು ಬ್ಲಾಕ್.

ನಂಬಿಕೆ ಇಲ್ಲವಂತೆ! ನಂಬಿಕೆ ಇದ್ದಿದ್ದಕ್ಕೇ ಅಲ್ವಾ ಅಮ್ಮನಿಗೆ ಕೊಟ್ಟಿದ್ದು? ನಾನು ಆಯುರ್ವೇದದ ವಿರುದ್ಧ ಒಂದು ಅಕ್ಷರವನ್ನೂ ಬರೆಯುತ್ತಿಲ್ಲ. ಈ ಮೋಸ ಹಿಡಿದುಕೊಟ್ಟವರೂ ಆಯುರ್ವೇದ ಡಾಕ್ಟರೇ.

ಅವರು ತೋರಿಸಿದ ಮೇಲೆಯೇ ನಾನು ಡಬ್ಬಿಯನ್ನು ಸರಿಯಾಗಿ ನೋಡಿದ್ದು. ತಯಾರಿಕೆಯ ಲೈಸೆನ್ಸ್ ನಂಬರು ಇಲ್ಲ. ಬ್ಯಾಚ್ ನಂಬರು ಇಲ್ಲ. ತಯಾರಿಸಿದ ದಿನ, ಅವಧಿ ಮುಗಿಯುವ ದಿನ ಇಲ್ಲ. ಏನೇನು ಎಷ್ಟೆಷ್ಟು ಹಾಕಿದ್ದಾರೆ ಅಂತ ಇಲ್ಲ. ವಿಳಾಸ ಇಲ್ಲ, ಬರೀ ಫೋನ್ ನಂಬರು. ಮಾರಾಟಕ್ಕೆ ಇಡುವ ಆಯುರ್ವೇದ ಔಷಧದ ಮೇಲೆ ಇವೆಲ್ಲ ಇರಲೇಬೇಕು ಅಂತ ಕಾನೂನೇ ಇದೆ. ಇವು ಇಲ್ಲದ ಡಬ್ಬಿಯನ್ನು ಮನೆಯೊಳಗೆ ತರಬೇಡಿ. ಸಿಹಿ ಇದೆ ಅಂತ ಹಿರಿಯರು ಹೇಳಿದರೆ ನನ್ನ ಹಾಗೆ ಗದರಬೇಡಿ. ಶುಗರ್ ಇರುವವರಿಗೆ ಚೂರ್ಣ, ಲೇಹ್ಯ ಕೊಡುವ ಮುಂಚೆ ಡಾಕ್ಟರನ್ನು ಕೇಳಿ, ಮಾರುವವನನ್ನಲ್ಲ.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಜಿಲ್ಲಾ ಆಯುಷ್ ಕಚೇರಿಗೆ ತೆರೆಯದ ಡಬ್ಬಿ, ದುಡ್ಡು ಕಳಿಸಿದ ರಸೀದಿ, ಆತನ ಮೆಸೇಜುಗಳ ಪ್ರತಿ ಎಲ್ಲ ಸೇರಿಸಿ ಬರೆದು ಕೊಟ್ಟಿದ್ದೇನೆ. ನಿಮ್ಮಲ್ಲಿ ಯಾರಾದರೂ ಮೋಸ ಹೋಗಿದ್ದರೆ ಮೆಸೇಜು ಅಳಿಸಬೇಡಿ, ಡಬ್ಬಿ ಎಸೆಯಬೇಡಿ. ಅಮ್ಮನ ಶುಗರ್ ಈಗ ಇಳಿಯುತ್ತಿದೆ. ಮಾತ್ರೆ ಮಾತ್ರ ಜಾಸ್ತಿ ಆಗಿದೆ.

ದೊಡ್ಡಮ್ಮನ ಫೋನಿಗೆ ಬಂದ ವಿಡಿಯೊದಲ್ಲಿ ಮುಖ ಅದೇ, ದನಿ ಅದೇ, ಫೋನ್ ನಂಬರು ಬೇರೆ. ಈ ಸಲ ‘ಸಕ್ಕರೆ ಇಲ್ಲದ ತಾಲೀಸಾದಿ ಚೂರ್ಣ’ ಅಂತ. ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ತಾಲೀಸಾದಿಯ 48 ಭಾಗದಲ್ಲಿ 32 ಭಾಗ ಸಕ್ಕರೆ.