ಅ-ಆ-ಇ-ಈ ಮೊದಲೋ, ರ-ಗ-ಸ-ದ-ಅ ಮೊದಲೋ? ಇಬ್ಬರು ಮಕ್ಕಳು, ಎರಡು ದಾರಿ

ಹೋದ ವರ್ಷ ಒಂದು ದಿನ ಹುಬ್ಬಳ್ಳಿ ಬಸ್ ನಿಲ್ದಾಣದಲ್ಲಿ ನಿಂತಿದ್ದೆವು. ನನ್ನ ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಮಗ. ಅವನಿಗಾಗ ನಾಲ್ಕೂವರೆ ವರ್ಷ. ಎದುರಿಗೆ ಬಂದು ನಿಂತ ಬಸ್ಸಿನ ಬೋರ್ಡ್ ನೋಡಿ ನನ್ನ ಸೆರಗು ಜಗ್ಗಿದ. "ಅವ್ವಾ, ಗ... ದ... ಗ. ಗದಗ!" ಅಂದ. ಅವನು ಅಕ್ಷರ ಕಲಿಯಲು ಕೂತು ಹದಿನೈದು ದಿನವೂ ಆಗಿರಲಿಲ್ಲ. ಬರುತ್ತಿದ್ದದ್ದು ಐದೇ ಅಕ್ಷರ. ಆ ಐದರಲ್ಲಿ ಎರಡು ಸೇರಿ ಒಂದು ಊರಿನ ಹೆಸರಾಗಿತ್ತು.

ಅವನ ಅಕ್ಕ ಅದೇ ವಯಸ್ಸಿನಲ್ಲಿ 49 ಅಕ್ಷರಗಳನ್ನೂ ಒಂದೇ ಉಸಿರಿಗೆ ಹೇಳುತ್ತಿದ್ದಳು. ಆದರೆ ಬೋರ್ಡ್ ಓದುತ್ತಿರಲಿಲ್ಲ.

ಇಬ್ಬರೂ ಮನೆಯಲ್ಲೇ ಕಲಿಯುವ ಮಕ್ಕಳು. ಶಾಲೆಗೆ ಯಾಕೆ ಕಳಿಸಲಿಲ್ಲ ಅನ್ನುವುದು ಬೇರೆಯೇ ಕಥೆ. ಪರೀಕ್ಷೆಗೆ ಏನು ಮಾಡ್ತೀರಿ ಅಂತ ಎಲ್ಲರೂ ಕೇಳುತ್ತಾರೆ, ಅದಕ್ಕೆ ಒಂದೇ ಮಾತು ಹೇಳಿಬಿಡುತ್ತೇನೆ. ಎನ್‌ಐಒಎಸ್‌ನ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ) ಮುಕ್ತ ಮೂಲ ಶಿಕ್ಷಣದಲ್ಲಿ ಎ, ಬಿ, ಸಿ ಅಂತ ಮೂರು ಹಂತ ಇವೆ. ಅವು 3, 5 ಮತ್ತು 8ನೇ ತರಗತಿಗೆ ಸಮ. ನಮ್ಮ ಲೆಕ್ಕ ಆ ದಾರಿಯದು. ಇಲ್ಲಿ ನಾನು ಹೇಳಬೇಕಾಗಿರುವುದು ಅದಕ್ಕೂ ಹಿಂದಿನ ಮಾತು: ಕನ್ನಡ ಅಕ್ಷರವನ್ನು ಮಗುವಿನ ಮುಂದೆ ಯಾವ ಕ್ರಮದಲ್ಲಿ, ಯಾವುದರ ಮೇಲೆ ಇಡಬೇಕು?

ಮಗಳಿಗೆ ಹಿಡಿದದ್ದು ನಾವೆಲ್ಲರೂ ಬಂದ ದಾರಿ. ಗೋಡೆಗೆ ಒಂದು ಚಾರ್ಟ್, ಕೈಗೆ ಒಂದು ಪಾಟಿ. ನಮ್ಮ ಕಡೆ ಸ್ಲೇಟಿಗೆ ಪಾಟಿ ಅಂತಲೇ ಹೇಳುವುದು. ಮೊದಲು 13 ಸ್ವರ, ಆಮೇಲೆ ಅಂ ಅಃ, ಆಮೇಲೆ 34 ವ್ಯಂಜನ, ಕೊನೆಗೆ ಕಾಗುಣಿತ. ದಿನಕ್ಕೊಂದು ಅಕ್ಷರ ತಿದ್ದಿಸುತ್ತಿದ್ದೆ.

ಮೊದಲ ಎಡವಟ್ಟು ನಾಲ್ಕನೇ ಅಕ್ಷರದಲ್ಲೇ ಆಯಿತು. ಚಾರ್ಟಿನಲ್ಲಿ 'ಈ' ಪಕ್ಕದಲ್ಲಿ ಈರುಳ್ಳಿ ಚಿತ್ರ. ನಮ್ಮ ಮನೆಯಲ್ಲಿ ಅದನ್ನು ಈರುಳ್ಳಿ ಅಂತ ಯಾರೂ ಕರೆಯಲ್ಲ, ಅದು ಉಳ್ಳಾಗಡ್ಡಿ. ಅವಳು 'ಈ' ಮೇಲೆ ಬೆರಳಿಟ್ಟು "ಉಳ್ಳಾಗಡ್ಡಿ" ಅನ್ನುತ್ತಿದ್ದಳು. ನಾನು ತಿದ್ದಿದಷ್ಟೂ ಅವಳಿಗೆ ಗೊಂದಲ. ಆಗ ನನಗೆ ಗೊತ್ತಾಯಿತು, ಅವಳು ನೋಡುತ್ತಿದ್ದದ್ದು ಅಕ್ಷರವನ್ನಲ್ಲ, ಚಿತ್ರವನ್ನು. ಚಿತ್ರ ಮುಚ್ಚಿದರೆ ಅರ್ಧ ಅಕ್ಷರ ಮಾಯ.

ಎರಡನೇದು ಇದಕ್ಕಿಂತ ದೊಡ್ಡದು. ಸ್ವರ ಮುಗಿಯುವವರೆಗೆ ಓದಲು ಏನೂ ಇಲ್ಲ. ಅ ಆ ಇ ಈ ಉ ಊ ಇಟ್ಟುಕೊಂಡು ಎಷ್ಟು ಪದ ಕಟ್ಟಬಹುದು ಹೇಳಿ. ಆಮೇಲೆ ಋ. ವ್ಯಂಜನಕ್ಕೆ ಬಂದರೆ ಐದನೇದೇ ಙ. ಅದರಿಂದ ಶುರುವಾಗುವ ಒಂದು ಮಾತೂ ಮನೆಯಲ್ಲಿಲ್ಲ. ತಿಂಗಳುಗಟ್ಟಲೆ ಮಗು ತಿದ್ದುತ್ತದೆ, ಹೇಳುತ್ತದೆ. ಇದೆಲ್ಲ ಯಾಕೆ ಅಂತ ಅದಕ್ಕೆ ಗೊತ್ತಾಗುವುದೇ ಇಲ್ಲ.

ಐದು ತಿಂಗಳಾದ ಮೇಲೆ "ಮರ" ಅಂತ ಬರೆದು ಓದು ಅಂದೆ. ಅವಳು 'ಮ' ಮೇಲೆ ಬೆರಳಿಟ್ಟು ಮೆಲ್ಲಗೆ ತುಟಿ ಅಲ್ಲಾಡಿಸಿದಳು. ಬಗ್ಗಿ ಕೇಳಿದೆ. "ಪ ಫ ಬ ಭ ಮ" ಅಂತ ಹಾಡಿಕೊಂಡು ಬಂದು 'ಮ'ದಲ್ಲಿ ನಿಂತಳು. ಆಮೇಲೆ 'ರ'ಕ್ಕೆ "ಯ ರ". ಅಂದರೆ ಪ್ರತಿ ಅಕ್ಷರಕ್ಕೂ ಅದರ ಸಾಲಿನ ತುದಿಯಿಂದ ನಡೆದುಕೊಂಡೇ ಬರಬೇಕು. ಎರಡು ಅಕ್ಷರದ ಪದ ಮುಗಿಯುವಷ್ಟರಲ್ಲಿ ಮೊದಲನೆಯದು ಮರೆತು ಹೋಗಿರುತ್ತಿತ್ತು. ಅವಳ ಕಣ್ಣಲ್ಲಿ ನೀರು ಬಂತು. ಪಾಟಿ ಎತ್ತಿಟ್ಟೆ.

ಮಗನ ಸರದಿ ಬಂದಾಗ ನಮ್ಮ ಓಣಿಯಲ್ಲೇ ಇರುವ ಸರಕಾರಿ ಶಾಲೆಯ ಟೀಚರ್ ಹತ್ತಿರ ಹೋಗಿ ಕೂತೆ. ಅವರು ನಲಿ-ಕಲಿ ತರಗತಿಯವರು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ, ಆಮೇಲೆ ರಾಜ್ಯದ ಸರಕಾರಿ ಶಾಲೆಗಳ 1ರಿಂದ 3ನೇ ತರಗತಿಗೆ ಹರಡಿದ ಪದ್ಧತಿ ಇದು. ಅಲ್ಲಿ ಕನ್ನಡ ಅ-ಆ-ಇ-ಈ ಇಂದ ಶುರುವಾಗಲ್ಲ. ರ, ಗ, ಸ, ದ, ಅ. ಇವು ಮೊದಲ ಐದು. ಆಮೇಲೆ ಜ, ವ, ಮ, ಬ, ನ.

ಯಾಕೆ ಈ ಐದು ಅಂದರೆ, ಕೂಡಲೇ ಪದ ಆಗುತ್ತವೆ. ಸರ, ರಸ, ಅರಸ, ಅಗಸ, ದಸರ, ಗರಗಸ. ದೀರ್ಘ ಬೇಡ, ಗುಡಿಸು ಬೇಡ, ಕೊಂಬು ಬೇಡ, ಒತ್ತು ಬೇಡ. ಬರೆಯಲೂ ಹಗುರ. 'ರ' ಅಂದರೆ ಒಂದು ಗುಂಡು, ಮೇಲೊಂದು ತಲಕಟ್ಟು. 'ಗ' ಒಂದು ಕಮಾನು, ಮೇಲೊಂದು ತಲಕಟ್ಟು. ಮಗುವಿನ ಬೆರಳು ಎರಡು ದಿನದಲ್ಲಿ ಹಿಡಿಯುತ್ತದೆ.

ಮೂರನೇ ದಿನ "ಸರ" ಓದಿದ. ನನ್ನ ಕುತ್ತಿಗೆ ಕಡೆ ನೋಡಿ "ಇದು ಸರ" ಅಂದ. ಎರಡನೇ ವಾರದಲ್ಲಿ ಗದಗ ಬಸ್ಸು. ಹತ್ತು ಅಕ್ಷರ ಆದಾಗ ಮರ, ಮಗ, ಜನ, ನಗರ, ಬಸವ ಎಲ್ಲ ಬಂದವು. "ಬಸವ ಅವನ ಮಗ" ಅಂತ ಒಂದು ಇಡೀ ವಾಕ್ಯ ಪಾಟಿ ಮೇಲೆ ಬರೆದೆ. ಓದಿ ಮುಗಿಸಿ, ಇನ್ನೊಮ್ಮೆ ಓದಿ, ಪಾಟಿ ಎತ್ತಿಕೊಂಡು ಹೋಗಿ ಅಜ್ಜಿಗೆ ಓದಿ ತೋರಿಸಿದ. ಅವನು ಯಾವತ್ತೂ ಅಕ್ಷರಕ್ಕೆ ಹಾಡಿಕೊಂಡು ಬರಲಿಲ್ಲ. 'ಮ' ನೋಡಿದರೆ ನೇರವಾಗಿ 'ಮ'. ನನ್ನ ಪಾಲಿಗೆ ಎರಡು ದಾರಿಗಳ ನಡುವಿನ ದೊಡ್ಡ ವ್ಯತ್ಯಾಸ ಇದೇ.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಎರಡನೇ ಮಗುವಿಗೆ ಅಕ್ಕನ ಪಾಠ ಕಿವಿಗೆ ಬಿದ್ದಿರುತ್ತದೆ. ನನಗೂ ಒಮ್ಮೆ ಕಲಿಸಿ ಅನುಭವ ಆಗಿತ್ತು. ಸ್ವಭಾವವೂ ಬೇರೆ, ಅವಳು ತಪ್ಪಾದರೆ ನೊಂದುಕೊಳ್ಳುತ್ತಾಳೆ, ಇವನು ಅಳಿಸಿ ಮತ್ತೆ ಬರೆಯುತ್ತಾನೆ. ಅದಕ್ಕೇ ದಿನದ ಲೆಕ್ಕವನ್ನು ನಾನು ಜಾಸ್ತಿ ನಂಬುವುದಿಲ್ಲ. ಆದರೆ ಓದುವಾಗ ಅವರವರ ತುಟಿ ಹೇಗೆ ಆಡುತ್ತಿತ್ತು ಅನ್ನುವುದನ್ನು ನನ್ನ ಕಣ್ಣಾರೆ ಕಂಡಿದ್ದೇನೆ.

ಅತ್ತೆಯವರಿಗೆ ಮೊದಲಿಂದಲೂ ಸಮಾಧಾನ ಇರಲಿಲ್ಲ. "ಅಲ್ಲ ಯವ್ವಾ, ನಾವೆಲ್ಲಾ ಅ ಆ ಇ ಈ ಅಂತನ ಕಲಿತಿಲ್ಲೇನು? ಅಕ್ಷರಾನ ಕಲಸಿ ಹಾಕಿದ್ರ ಹೆಂಗ?" ಅಂದರು. ಅವರ ಮಾತಿನಲ್ಲಿ ಸತ್ಯ ಇತ್ತು. ಅದು ಗೊತ್ತಾಗಲು ನನಗೆ ಒಂದು ಮದುವೆ ಮನೆ ಬೇಕಾಯಿತು. ಅಲ್ಲಿ ಸಂಬಂಧಿಕರೊಬ್ಬರು ಇವನನ್ನು ತೊಡೆ ಮೇಲೆ ಕೂರಿಸಿಕೊಂಡು "ಅ ಆ ಇ ಈ ಅನ್ನು ನೋಡೋಣ" ಅಂದರು. ಇವನು "ಅ" ಅಂದು ನಿಂತ. ಆಮೇಲೆ "ರ ಗ ಸ ದ" ಅಂದ. ಕೂತವರೆಲ್ಲ ನಕ್ಕರು. ಪೇಪರಿನ ತಲೆಬರಹದಲ್ಲಿ ಅರ್ಧ ಪದ ಓದುವ ಮಗು ಅಲ್ಲಿ ಏನೂ ಬಾರದವನ ಹಾಗೆ ತಲೆ ತಗ್ಗಿಸಿತು. ಆ ಮುಖ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮರುದಿನದಿಂದ ಅತ್ತೆಯವರೇ ಕೂತರು. ಪುಸ್ತಕ ಇಲ್ಲ, ಪಾಟಿ ಇಲ್ಲ, ಬರೀ ಬಾಯಿಪಾಠ. ಅವರು ಹೇಳಿಕೊಟ್ಟ ರೀತಿ ನೋಡಿ ನಾನೇ ಕಲಿತೆ. ಅವನ ಕೈಯನ್ನು ಗಂಟಲಿಗೆ ಹಚ್ಚಿ ಕ ಖ ಗ ಘ ಙ ಹೇಳಿಸಿದರು. ತುಟಿಗೆ ಹಚ್ಚಿ ಪ ಫ ಬ ಭ ಮ ಹೇಳಿಸಿದರು. ವರ್ಣಮಾಲೆ ಗಂಟಲಿಂದ ಹೊರಟು ತುಟಿವರೆಗೆ ಬರುತ್ತದೆ. ಹಳೆಯ ಕ್ರಮದ ಸೊಗಸು ಅದು. ಅಕ್ಷರದ ಗುರುತು ಮೊದಲೇ ಇದ್ದದ್ದರಿಂದ ಅವನಿಗೆ ಇದು ಹಾಡಾಗಿ ಹತ್ತಿತು. ಎಂಟು ದಿನದಲ್ಲಿ ಪೂರ್ತಿ ಬಂತು.

ಇನ್ನೊಂದು ಕಡೆ ಹಳೆಯ ದಾರಿಯೇ ಸ್ಪಷ್ಟವಾಗಿ ಮೇಲು. ಅದು ಕಾಗುಣಿತ. 34 ವ್ಯಂಜನಕ್ಕೆ 15ರಂತೆ 510 ರೂಪ. ಮಗಳು ಕ ಕಾ ಕಿ ಕೀ ರಾಗದಲ್ಲಿ ಕಲಿತದ್ದೇ ತಡ, ಉಳಿದ ಸಾಲುಗಳು ತಾವಾಗಿಯೇ ಬಂದವು. ಇವತ್ತಿಗೂ ಅವಳ ಬರಹದಲ್ಲಿ ಹ್ರಸ್ವ-ದೀರ್ಘದ ತಪ್ಪು ಇಲ್ಲ. ಮಗ ಹಾಗಲ್ಲ. ಗುಣಿತ ಇಲ್ಲದ ಪದಗಳಲ್ಲಿ ಓಡಾಡಿ ರೂಢಿಯಾದವನು "ಗಿಡ" ಕಂಡರೆ "ಗಡ" ಅನ್ನುತ್ತಿದ್ದ, ಗುಡಿಸು ಅವನ ಕಣ್ಣಿಗೇ ಬೀಳುತ್ತಿರಲಿಲ್ಲ. ಒಂದೂವರೆ ತಿಂಗಳು ಒದ್ದಾಡಿದ ಮೇಲೆ ಅವನಿಗೂ ಅದೇ ರಾಗ ಹಚ್ಚಿದೆ. ದಿನಕ್ಕೆ ಒಂದೇ ಅಕ್ಷರದ ಕಾಗುಣಿತ, ಕೂಡಲೇ ಅದರಲ್ಲಿ ನಾಲ್ಕು ಪದ. ಗಿಡ, ಗೀಟು, ಗುಡಿ, ಗೂಡು. ಆಗ ಸರಿಹೋಯಿತು.

ಇನ್ನು ಯಾವುದರ ಮೇಲೆ ಬರೆಸುವುದು ಅನ್ನುವ ಪ್ರಶ್ನೆ. ನಾಲ್ಕು ನೋಡಿದೆ.

ಮೊಬೈಲ್ ಆ್ಯಪ್ ಒಂಬತ್ತು ದಿನ ಇಟ್ಟು ತೆಗೆದೆ. ಬೆರಳು ಎಲ್ಲಿಂದ ಹೇಗೆ ಎಳೆದರೂ ಅಕ್ಷರ ತುಂಬಿ ಚಪ್ಪಾಳೆ ಹೊಡೆಯುತ್ತಿತ್ತು. ಮಗುವಿಗೆ ಚಪ್ಪಾಳೆ ಮೇಲೆ ಆಸೆ, ಅಕ್ಷರದ ಮೇಲಲ್ಲ.

ಮಾಂಟೆಸ್ಸರಿ ಮನೆಗಳಲ್ಲಿ ಇರುವಂಥ ಒರಟು ಅಕ್ಷರ ಮನೆಯಲ್ಲೇ ಮಾಡಿದೆ. ಮಾರಿಯಾ ಮಾಂಟೆಸ್ಸರಿ 1939ರಲ್ಲಿ ಭಾರತಕ್ಕೆ ಬಂದು ಯುದ್ಧದ ಕಾಲವನ್ನೆಲ್ಲ ಇಲ್ಲೇ ಕಳೆದವರು, ಅವರ ಪದ್ಧತಿಯ ಸಾಮಾನು ಇದು. ಬಡಗಿಗಳು ಮರಕ್ಕೆ ಉಜ್ಜುವ ಪಾಲಿಶ್ ಪೇಪರ್ ತಂದು, ಅಕ್ಷರದ ಆಕಾರಕ್ಕೆ ಕತ್ತರಿಸಿ ರಟ್ಟಿಗೆ ಅಂಟಿಸುವುದು. ಮಗು ಎರಡು ಬೆರಳು ಸೇರಿಸಿ ಅದರ ಮೇಲೆ ಎಳೆಯುತ್ತಾ ಸದ್ದು ಹೇಳಬೇಕು. ಮೊದಲು ನಾವು "ಇದು ಸ" ಅನ್ನಬೇಕು, ಆಮೇಲೆ "ಸ ಯಾವುದು ತೋರಿಸು", ಕೊನೆಗೆ "ಇದು ಯಾವುದು?" ಈ ಮೂರು ಹೆಜ್ಜೆಯ ಕ್ರಮ ಬಹಳ ಒಳ್ಳೆಯದು. ಕಣ್ಣು ಮುಚ್ಚಿಸಿ ಬೆರಳಿಂದಲೇ ಅಕ್ಷರ ಹೇಳಿಸುವ ಆಟ ಇಬ್ಬರಿಗೂ ಹಿಡಿಸಿತು. 'ವ'ಕ್ಕೂ 'ಮ'ಕ್ಕೂ ಇರುವ ವ್ಯತ್ಯಾಸ ಆ ಬಾಲದಲ್ಲಿದೆ ಅಂತ ಮಗನ ಬೆರಳೇ ಕಂಡುಹಿಡಿಯಿತು. ಆದರೆ ಕತ್ತರಿಸುವ ಕೆಲಸ ಕಡಿಮೆಯಲ್ಲ. ಹತ್ತು ಅಕ್ಷರಕ್ಕೆ ನನ್ನ ಎರಡು ಸಂಜೆ ಹೋದವು, ಕತ್ತರಿಯೂ ಮೊಂಡಾಯಿತು. 49 ಮಾಡುವ ತಾಳ್ಮೆ ನನಗೆ ಇರಲಿಲ್ಲ. ಹತ್ತು ಸಾಕು, ಮಗುವಿಗೆ ದಾರಿ ಗೊತ್ತಾಗುತ್ತದೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಪರಾತ, ಅಂದರೆ ಹಿಟ್ಟು ನಾದುವ ಅಗಲ ತಟ್ಟೆ. ಬೆಳಗ್ಗೆ ರೊಟ್ಟಿ ಬಡಿಯಲು ಕೂತಾಗ ಪಕ್ಕದಲ್ಲಿ ಇನ್ನೊಂದು ಸಣ್ಣ ಪರಾತದಲ್ಲಿ ಜೋಳದ ಹಿಟ್ಟು ತೆಳ್ಳಗೆ ಹರವಿ ಇಟ್ಟುಬಿಡುತ್ತೇನೆ. ನಾನು ಬಡಿಯುತ್ತಾ ಅಕ್ಷರ ಹೇಳುತ್ತೇನೆ, ಅವನು ಬೆರಳಲ್ಲಿ ಬರೆಯುತ್ತಾನೆ. ತಪ್ಪಾದರೆ ಪರಾತವನ್ನು ಒಮ್ಮೆ ಅಲ್ಲಾಡಿಸಿದರೆ ಸಾಕು. ಹಿಟ್ಟಿನಲ್ಲಿ ಬೆರಳು ಓಡಿದ ದಾರಿ ಕಾಣುತ್ತದೆ, ಎಲ್ಲಿ ಶುರು ಮಾಡಿದ, ಎಲ್ಲಿ ತಿರುಗಿಸಿದ ಎಲ್ಲ ತಿಳಿಯುತ್ತದೆ. ಹಂಚಿನ ಮುಂದಿನಿಂದ ನಾನು ಏಳಬೇಕಾಗಿಲ್ಲ, ಅವನ ಮೇಲೆ ಕಣ್ಣೂ ಇರುತ್ತದೆ. ಸಣ್ಣ ಮಕ್ಕಳಿರುವ ಮನೆಯಲ್ಲಿ ಪಾಠಕ್ಕೆ ಅಂತಲೇ ಬೇರೆ ಹೊತ್ತು ಎಲ್ಲಿ ಸಿಗುತ್ತದೆ, ಅಲ್ವಾ? ಮಗಳ ಕಾಲಕ್ಕೆ ಇದು ನನಗೆ ಹೊಳೆದಿದ್ದರೆ ಚೆನ್ನಾಗಿತ್ತು. ಅಕ್ಷರಾಭ್ಯಾಸದ ದಿನ ಅಕ್ಕಿಯಲ್ಲಿ ಬರೆಸಿದ್ದೆವು, ಮರುದಿನವೇ ಅದನ್ನು ಬಿಟ್ಟು ಪಾಟಿ ಕೊಟ್ಟಿದ್ದೆವು.

ಆದರೆ ಹಿಟ್ಟಿನಲ್ಲೇ ನಿಂತರೆ ಕೈಗೆ ಹಿಡಿತ ಬರುವುದಿಲ್ಲ. ಒಂದೊಂದು ಅಕ್ಷರ ಅಂಗೈ ಅಗಲ ಆಗುತ್ತದೆ, ಅವನು ಪೆನ್ಸಿಲ್ ಹಿಡಿದಾಗಲೂ ಹಾಗೇ ಬರೆದ. ಅದಕ್ಕೆ ಪಾಟಿಯೇ ಬೇಕು. ಬಳಪ ಒತ್ತಿದರೆ ಮಾತ್ರ ಮೂಡುತ್ತದೆ, ಅಂಚಿನೊಳಗೆ ಬರೆಯಬೇಕಾಗುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿದರೆ ಹೊಸದಾಗುತ್ತದೆ. ಒಂದೇ ಎಚ್ಚರ, ಬಳಪ ತಿನ್ನುವ ಮಕ್ಕಳ ಮೇಲೆ ಕಣ್ಣಿಡಬೇಕು. ನನ್ನ ಮಗಳು ತಿನ್ನುತ್ತಿದ್ದಳು.

ನಾದಿನಿ ಮೊನ್ನೆ ಫೋನಿನಲ್ಲಿ ಕೇಳಿದಳು, ಅವಳ ಮಗಳಿಗೆ ಈ ದಸರಾಕ್ಕೆ ಅಕ್ಷರಾಭ್ಯಾಸ. ನಾನು ಹೇಳಿದ್ದು ಇಷ್ಟು. ಕಣ್ಣಿಗೆ ರ-ಗ-ಸ-ದ-ಅ ಕೊಡು, ಕಿವಿಗೆ ಅ-ಆ-ಇ-ಈ ಕೊಡು. ಎರಡೂ ಒಂದೇ ದಿನ ಶುರುವಾಗಲಿ. ಮೊದಲನೆಯದು ಹಿಟ್ಟಿನಲ್ಲಿ ನಿನ್ನ ಹತ್ತಿರ, ಎರಡನೆಯದು ಬಾಯಲ್ಲಿ ಅಜ್ಜಿ ಹತ್ತಿರ. ಇಪ್ಪತ್ತು ಅಕ್ಷರ ಗುರುತು ಹತ್ತಿದ ಕೂಡಲೇ ಕಾಗುಣಿತ ಹಿಡಿ, ನನ್ನ ಹಾಗೆ ತಡ ಮಾಡಬೇಡ. ಚಿತ್ರದ ಚಾರ್ಟ್ ಬೇಕೇ ಬೇಕು ಅಂದರೆ ಮನೆಯ ಮಾತಿನ ಹೆಸರು ಇಟ್ಟು ನೀನೇ ಬರೆದುಕೋ, ಉಳ್ಳಾಗಡ್ಡಿ ಉಳ್ಳಾಗಡ್ಡಿಯೇ ಆಗಲಿ.

ಮಗ ಈಗ ಸಂತೆಗೆ ಹೋಗುವ ಮುಂಚೆ ಪಾಟಿಯಲ್ಲಿ ಪಟ್ಟಿ ಬರೆಯುತ್ತಾನೆ. ನಿನ್ನೆ ಬರೆದದ್ದು: ಬದನೆ, ಬೆಲ, ಸಕರೆ. ಬೆಲ್ಲದಲ್ಲೂ ಸಕ್ಕರೆಯಲ್ಲೂ ಒತ್ತು ಇಲ್ಲ. ಒತ್ತಕ್ಷರದಲ್ಲಿ ತ, ನ, ಮ, ಯ, ರ, ಲ ಇವಿಷ್ಟು ಕೆಳಗೆ ಇಳಿದಾಗ ರೂಪವನ್ನೇ ಬದಲಿಸುತ್ತವೆ, ಉಳಿದವು ಹೆಚ್ಚುಕಡಿಮೆ ಹಾಗೇ ಸಣ್ಣದಾಗುತ್ತವೆ. ಅದಕ್ಕೇ ಸಕ್ಕರೆ ಮೊದಲು, ಬೆಲ್ಲ ಆಮೇಲೆ ಅಂತ ಅಂದುಕೊಂಡಿದ್ದೇನೆ. ನಾಳೆ ಬೆಳಗ್ಗೆ ರೊಟ್ಟಿ ಹೊತ್ತಿಗೆ ಶುರು.