ಸಪ್ತಾಪುರದ ರೀಡಿಂಗ್ ರೂಮ್‌ನಲ್ಲಿ ಮೂವತ್ತೊಂದು ತಿಂಗಳು: ಕೊಟ್ಟ ದುಡ್ಡಿಗೆ ಏನು ಸಿಕ್ಕಿತು

2023ರ ಜೂನ್‌ನಲ್ಲಿ ಧಾರವಾಡದ ಸಪ್ತಾಪುರದಲ್ಲಿ ಒಂದು ಖಾಸಗಿ ರೀಡಿಂಗ್ ರೂಮ್ ಸೇರಿದೆ. 2025ರ ಡಿಸೆಂಬರ್‌ವರೆಗೆ ಅಲ್ಲೇ ಓದಿದೆ. ಮೂವತ್ತೊಂದು ತಿಂಗಳು, ಒಂದೇ ಸೀಟು, ನಂಬರ್ 41. ರೂಮ್‌ನ ಹೆಸರು ಹಾಕುತ್ತಿಲ್ಲ. ಸಪ್ತಾಪುರ, ಶ್ರೀನಗರ ಸರ್ಕಲ್ ಕಡೆ ನಾನು ಒಳಗೆ ಹೋಗಿ ನೋಡಿದ ನಾಲ್ಕೈದು ರೂಮ್‌ಗಳು ಹೆಚ್ಚು ಕಡಿಮೆ ಹೀಗೇ ಇವೆ. ಹಾವೇರಿ, ಗದಗ, ಕೊಪ್ಪಳ ಕಡೆಯಿಂದ ಸರ್ಕಾರಿ ಪರೀಕ್ಷೆಗೆ ಓದಬೇಕು ಅಂತ ಬ್ಯಾಗ್ ಕಟ್ಟಿಕೊಂಡು ನಿಂತವರಿಗೆ ಇದು ಉಪಯೋಗಕ್ಕೆ ಬರಲಿ.

ಕೊಡುವುದು ಇಷ್ಟು. ಎರಡೂವರೆ ಅಡಿ ಅಗಲದ ಟೇಬಲ್, ಮೂರು ಕಡೆ ಪ್ಲೈವುಡ್ ಮರೆ, ತಲೆ ಮೇಲೆ ಟ್ಯೂಬ್‌ಲೈಟ್, ಒಂದು ಪ್ಲಗ್ ಪಾಯಿಂಟ್, ಪುಸ್ತಕ ಇಡಲು ಸಣ್ಣ ಲಾಕರ್. ಬೆಳಿಗ್ಗೆ ಆರರಿಂದ ರಾತ್ರಿ ಹನ್ನೊಂದರವರೆಗೆ. ಎರಡು ಕನ್ನಡ ಪೇಪರ್, ಒಂದು ಇಂಗ್ಲಿಷ್ ಪೇಪರ್, ಕುಡಿಯಲು ಕ್ಯಾನ್ ನೀರು. ಸೇರಿದಾಗ ತಿಂಗಳಿಗೆ 700 ರೂಪಾಯಿ ಇತ್ತು. 2024ರಲ್ಲಿ 800 ಆಯಿತು, 2025ರಲ್ಲಿ 950. ಒಟ್ಟು 24,000 ಕಟ್ಟಿದ್ದೇನೆ. ಪಿಜಿ ಬಾಡಿಗೆ, ಖಾನಾವಳಿ ಇದರಲ್ಲಿ ಸೇರಿಲ್ಲ.

ಮೊದಲು ಒಳ್ಳೆಯದು ಹೇಳುತ್ತೇನೆ. ಯುಪಿಎಸ್ ಒಂದು ದಿನವೂ ಕೈಕೊಡಲಿಲ್ಲ. ಮಳೆಗಾಲದಲ್ಲಿ ಕರೆಂಟ್ ಎಷ್ಟು ಹೊತ್ತು ಹೋದರೂ ಲೈಟ್ ಉರಿಯುತ್ತಿತ್ತು. ಮೊಬೈಲ್ ಹಿಡಿದು ಮಾತಾಡಿದರೆ ಹೊರಗೆ ಕಳಿಸುತ್ತಿದ್ದರು, ಯಾರೇ ಆಗಲಿ. ಊರಲ್ಲಿ ನಮ್ಮದು ಎರಡು ಕೋಣೆಯ ಮನೆ. ಟಿವಿ ಒಂದು ಕಡೆ, ಬಂದವರ ಮಾತು ಒಂದು ಕಡೆ. ಅಲ್ಲಿಂದ ಬಂದವಳಿಗೆ ಈ ನಿಶ್ಶಬ್ದವೇ ದೊಡ್ಡದು.

ಆದರೆ ಫೀಗೆ ಸಿಕ್ಕಿದ ನಿಜವಾದ ಲಾಭ ಟೇಬಲ್ ಅಲ್ಲ, ಅಕ್ಕಪಕ್ಕದ ಜನ. ನಾವು ನಾಲ್ಕು ಜನ ಹುಡುಗಿಯರು ಸಂಜೆ ಐದಕ್ಕೆ ಗಿರ್ಮಿಟ್ ತಿನ್ನಲು ಹೊರಗೆ ಬರುತ್ತಿದ್ದೆವು. ಅಲ್ಲೇ ಒಬ್ಬರಿಗೊಬ್ಬರು ಪ್ರಶ್ನೆ ಹಾಕುವುದು. 39ನೇ ಸೀಟಿನ ಅಕ್ಕ ಮೆಂಟಲ್ ಎಬಿಲಿಟಿಯಲ್ಲಿ ಗಟ್ಟಿ. ಅವರು ಕಲಿಸಿದ ಒಂದು ಅಭ್ಯಾಸ ನನಗೆ ಯಾವ ಕೋಚಿಂಗ್‌ನಲ್ಲೂ ಸಿಗಲಿಲ್ಲ. ಮಾಕ್ ಟೆಸ್ಟ್ ಬರೆಯುವಾಗ ಖಚಿತವಾಗಿ ಗೊತ್ತಿದ್ದ ಪ್ರಶ್ನೆಗೆ ಸರಿ ಗುರುತು, ಎರಡು ಆಯ್ಕೆ ನಡುವೆ ಅಂದಾಜು ಹೊಡೆದಿದ್ದಕ್ಕೆ ಒಂದು ಚುಕ್ಕಿ, ಏನೂ ಗೊತ್ತಿಲ್ಲದೆ ತುಂಬಿದ್ದಕ್ಕೆ ಎರಡು ಚುಕ್ಕಿ. ಆಮೇಲೆ ಪ್ರತಿಯೊಂದನ್ನೂ ಬೇರೆ ಬೇರೆ ಎಣಿಸುವುದು. ಒಂದು ತಪ್ಪಿಗೆ ಕಾಲು ಅಂಕ ಹೋಗುತ್ತದೆ ಅಲ್ವಾ. ಮೂರು ತಿಂಗಳು ಹೀಗೆ ಎಣಿಸಿದಾಗ ಗೊತ್ತಾಯಿತು: ಒಂದು ಚುಕ್ಕಿಯವು ನನಗೆ ಅಂಕ ತರುತ್ತಿವೆ, ಎರಡು ಚುಕ್ಕಿಯವು ತಿನ್ನುತ್ತಿವೆ, ಅದರಲ್ಲೂ ಕಂಪ್ಯೂಟರ್ ಪ್ರಶ್ನೆಗಳಲ್ಲಿ. ಆ ನೋಟ್‌ಬುಕ್ ಇನ್ನೂ ನನ್ನ ಹತ್ತಿರ ಇದೆ.

ಈಗ ಕೊರತೆ. ಕುರ್ಚಿ ಪ್ಲಾಸ್ಟಿಕ್ಕಿನದು. ಆರು ತಿಂಗಳಿಗೆ ಬೆನ್ನು ಹಿಡಿಯಿತು. ಮನೆಯಿಂದ ದಿಂಬು ತಂದು ಕೂತೆ. ಅರವತ್ತು ಹುಡುಗಿಯರಿಗೆ ಒಂದೇ ಶೌಚಾಲಯ. ಹೇಳಿ ಹೇಳಿ ಸಾಕಾಯಿತು, ಕೊನೆವರೆಗೂ ಎರಡನೆಯದು ಕಟ್ಟಿಸಲಿಲ್ಲ. ನೀರು ಕಡಿಮೆ ಕುಡಿದು ಕೂರುವ ರೂಢಿ ನಮಗೆಲ್ಲ ಬಂದುಬಿಟ್ಟಿತ್ತು. ಅದು ಮೈಗೆ ಒಳ್ಳೆಯದಲ್ಲ. ರೂಮ್ ಹನ್ನೊಂದರವರೆಗೆ ತೆರೆದಿದ್ದರೂ ನಮ್ಮ ಪಿಜಿ ಬಾಗಿಲು ಒಂಬತ್ತೂವರೆಗೆ ಹಾಕುತ್ತಿದ್ದರು. ಹುಡುಗರು ಕೊಡುವ ಫೀಯನ್ನೇ ಕೊಟ್ಟು ನಾವು ದಿನಕ್ಕೆ ಒಂದೂವರೆ ಗಂಟೆ ಕಡಿಮೆ ಓದುತ್ತಿದ್ದೆವು.

2024 ನಮಗೆ ಪರೀಕ್ಷೆಯ ವರ್ಷ. ಗ್ರಾಮ ಆಡಳಿತ ಅಧಿಕಾರಿ ಹುದ್ದೆ 1000 ಕರೆದಿದ್ದರು. ಐದು ಲಕ್ಷಕ್ಕೂ ಹೆಚ್ಚು ಅರ್ಜಿ ಬಿದ್ದವು. ಸೆಪ್ಟೆಂಬರ್ 29ಕ್ಕೆ ಕಡ್ಡಾಯ ಕನ್ನಡ ಪರೀಕ್ಷೆ, ಅಕ್ಟೋಬರ್ 27ಕ್ಕೆ ಮುಖ್ಯ ಪರೀಕ್ಷೆ. ಆ ಎರಡು ತಿಂಗಳು ನಮ್ಮ ರೂಮ್‌ನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಮೆಟ್ಟಿಲ ಹತ್ತಿರವೂ ಟೇಬಲ್ ಹಾಕಿದ್ದರು. ಒಂದು ಹುದ್ದೆಗೆ ಐನೂರು ಜನ ಅಂತ ಪೇಪರ್‌ನಲ್ಲಿ ಓದುವುದು ಬೇರೆ, ಆ ಐನೂರರಲ್ಲಿ ನೂರೈವತ್ತು ಜನರ ಜೊತೆ ಒಂದೇ ಕೋಣೆಯಲ್ಲಿ ಕೂರುವುದು ಬೇರೆ. ನಾನು ಕನ್ನಡ ಪರೀಕ್ಷೆ ಪಾಸಾದೆ. ಮುಖ್ಯ ಪರೀಕ್ಷೆಯೂ ಚೆನ್ನಾಗಿಯೇ ಆಗಿತ್ತು. ಪಟ್ಟಿ ಬಂದಾಗ ನನ್ನ ಹೆಸರು ಇರಲಿಲ್ಲ. ಡಿಸೆಂಬರ್ 8ರಂದು ಪಿಡಿಒ, ಅಂದರೆ ಪಂಚಾಯತ್ ಅಭಿವೃದ್ಧಿ ಅಧಿಕಾರಿ, ಪರೀಕ್ಷೆ ಬರೆದೆ. ಅದೂ ಆಗಲಿಲ್ಲ.

39ನೇ ಸೀಟಿನ ಅಕ್ಕನಿಗೆ ಗ್ರಾಮ ಆಡಳಿತ ಅಧಿಕಾರಿ ಹುದ್ದೆ ಆಯಿತು. ಅವರು ಲೈನ್ ಬಜಾರ್‌ನಿಂದ ಪೇಡಾ ತಂದರು. ನಮ್ಮ ರೂಮ್‌ನಲ್ಲಿ ಒಂದು ಪದ್ಧತಿ ಇದೆ. ಆಯ್ಕೆ ಆದವರು ಮಾತಾಡುವ ಹಾಗಿಲ್ಲ, ಒಳಗೆ ಓದುತ್ತಿರುತ್ತಾರಲ್ಲ. ಸುಮ್ನೆ ಒಂದೊಂದು ಟೇಬಲ್ ಮೇಲೆ ಒಂದೊಂದು ಪೇಡಾ ಇಡುತ್ತಾ ಹೋಗಬೇಕು. ಅಕ್ಕ ನನ್ನ ಟೇಬಲ್ ಹತ್ತಿರ ಬಂದಾಗ ಎರಡು ಇಟ್ಟರು. ಹೆಗಲ ಮೇಲೆ ಕೈಯಿಟ್ಟು ಒಂದು ನಿಮಿಷ ನಿಂತರು. ನಾನು ತಲೆ ಎತ್ತಲಿಲ್ಲ, ಕಣ್ಣು ತುಂಬಿತ್ತು. ಅವರಿಗೆ ಆದದ್ದಕ್ಕೆ ಖುಷಿಯೂ ನಿಜ, ನನಗೆ ಆಗದ್ದಕ್ಕೆ ಸಂಕಟವೂ ನಿಜ.

ಇನ್ನು ನಾನು ಮಾಡಿದ ತಪ್ಪು. 2025ರ ಜನವರಿಯಲ್ಲಿ ಮಾಲೀಕರು, "ವರ್ಷದ್ದು ಒಮ್ಮೆ ಕಟ್ಟಿಬಿಡ್ರಿ ತಂಗಿ, ಎರಡ ತಿಂಗಳದ್ದು ಉಳೀತೈತಿ" ಅಂದರು. 9,500 ಕಟ್ಟಿಬಿಟ್ಟೆ. ಅಷ್ಟೊತ್ತಿಗಾಗಲೇ ಹೊಸ ನೋಟಿಫಿಕೇಶನ್ ನಿಂತಿದ್ದವು. ಪರಿಶಿಷ್ಟ ಜಾತಿಗಳ ಒಳಮೀಸಲಾತಿ, ಅಂದರೆ ಅವರ ಮೀಸಲಾತಿಯನ್ನು ಒಳಗಿನ ಜಾತಿಗಳ ನಡುವೆ ಹಂಚುವುದು, ತೀರ್ಮಾನ ಆಗುವವರೆಗೆ ಹೊಸದಾಗಿ ಹುದ್ದೆ ಕರೆಯಬಾರದು ಅಂತ ಸರ್ಕಾರ 2024ರ ನವೆಂಬರ್‌ನಲ್ಲೇ ಆದೇಶ ಮಾಡಿತ್ತು. ಇದಕ್ಕಾಗಿ ಸರ್ಕಾರ ನೇಮಿಸಿದ್ದ ನಾಗಮೋಹನ್ ದಾಸ್ ಆಯೋಗ ವರದಿ ಕೊಟ್ಟಿದ್ದು 2025ರ ಆಗಸ್ಟ್ 4ಕ್ಕೆ. ಅದೇ ತಿಂಗಳು ಸಂಪುಟ ತೀರ್ಮಾನ ತೆಗೆದುಕೊಂಡಿತು. ಒಳಮೀಸಲಾತಿ ಕೇಳಿ ದಶಕಗಳ ಕಾಲ ಹೋರಾಡಿದವರ ಜೊತೆಗೇ ನಾನು ಓದಿದ್ದೇನೆ. ಅದು ಆಗಲೇಬೇಕಿತ್ತು, ಇನ್ನೂ ಮೊದಲೇ ಆಗಬೇಕಿತ್ತು. ಆದರೆ ಕಾಯುವಾಗ ನಮ್ಮ ವಯಸ್ಸು ನಿಲ್ಲಲಿಲ್ಲ, ಪಿಜಿ ಬಾಡಿಗೆಯೂ ನಿಲ್ಲಲಿಲ್ಲ. ಸರ್ಕಾರಿ ಇಲಾಖೆಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಹುದ್ದೆ ಖಾಲಿ ಇವೆ ಅಂತ ಆಗ ಸರ್ಕಾರವೇ ಹೇಳುತ್ತಿತ್ತು. ನಾವು ಬಂದು ಕೂತು ಪ್ರಚಲಿತ ಘಟನೆ ಓದುತ್ತಿದ್ದೆವು, ಬರೆಯಲು ಪರೀಕ್ಷೆಯೇ ಇಲ್ಲ.

ಆ ವರ್ಷ ನಮ್ಮ ಹಾಲ್ ಹೇಗಾಯಿತು ಅಂದರೆ, ಬೇಸಿಗೆ ಹೊತ್ತಿಗೆ ಅರ್ಧ ಲಾಕರ್‌ಗಳಿಗೆ ಬೀಗ ಇರಲಿಲ್ಲ. ಗೈಡ್‌ಗಳನ್ನು ಕೆ.ಜಿ. ಲೆಕ್ಕದಲ್ಲಿ ಮಾರಿ ಹೋದವರು ಇದ್ದಾರೆ. ಒಬ್ಬ ಹುಡುಗಿ ಮದುವೆ ಆಗಿ ಹೋದಳು, ಇಬ್ಬರು ಬೆಂಗಳೂರಿಗೆ ಗಾರ್ಮೆಂಟ್ಸ್‌ಗೆ. ನನ್ನ ರೂಮ್‌ಮೇಟ್ 2023ರಲ್ಲಿ ಡಿಗ್ರಿ ಮುಗಿಸಿದವಳು. ಅವಳಿಗೆ ಕೆಲಸ ಸಿಗದ ಪದವೀಧರರಿಗೆ ರಾಜ್ಯ ಸರ್ಕಾರ ತಿಂಗಳಿಗೆ ಕೊಡುವ ಯುವನಿಧಿಯ 3,000 ರೂಪಾಯಿ ಬರುತ್ತಿತ್ತು, ಅದರಲ್ಲೇ ಸೀಟಿನ ಫೀ, ಖಾನಾವಳಿಯ ಅರ್ಧ ದುಡ್ಡು ಹೊಂದಿಸುತ್ತಿದ್ದಳು. ಅದು ಎರಡು ವರ್ಷಕ್ಕೆ ಮಾತ್ರ. ನಾನು ಮೊದಲೇ ಡಿಗ್ರಿ ಮುಗಿಸಿದವಳಾದ್ದರಿಂದ ನನಗೆ ಅದು ಅನ್ವಯ ಆಗಲಿಲ್ಲ. ಮೇ ತಿಂಗಳಲ್ಲಿ ಅವ್ವನ ಮೊಣಕಾಲಿನ ಆಪರೇಷನ್ ಅಂತ ಎರಡು ತಿಂಗಳು ಊರಲ್ಲಿದ್ದೆ. ಆ ಎರಡು ತಿಂಗಳ ಫೀ ಮುಂದಕ್ಕೆ ಹಾಕಿಕೊಡಿ ಅಂತ ಕೇಳಿದೆ. ಕಟ್ಟಿದ್ದು ವಾಪಸ್ ಇಲ್ಲ, ಮುಂದಕ್ಕೂ ಇಲ್ಲ ಅಂದರು. ರಸೀದಿಯ ಹಿಂದೆ ಸಣ್ಣ ಅಕ್ಷರದಲ್ಲಿ ಹಾಗೇ ಬರೆದಿತ್ತು. ಅಲ್ಲಿಗೆ ನಾನು ಉಳಿಸಿದ್ದು ಏನೂ ಇಲ್ಲ.

2025ರ ಸೆಪ್ಟೆಂಬರ್‌ನಲ್ಲಿ ಧಾರವಾಡದಲ್ಲಿ ಸಾವಿರಾರು ಅಭ್ಯರ್ಥಿಗಳು ಬೀದಿಗೆ ಇಳಿದರು. ನಾನೂ ಹೋಗಿದ್ದೆ. ಬೇಡಿಕೆ ಸರಳ: ಹುದ್ದೆ ಕರೆಯಿರಿ, ವಯಸ್ಸು ಸಡಿಲಿಸಿ. ಅದೇ ತಿಂಗಳ ಕೊನೆಗೆ ವಯೋಮಿತಿಯನ್ನು ಒಂದು ಸಲಕ್ಕೆ ಮೂರು ವರ್ಷ ಹೆಚ್ಚಿಸಿದರು. 29 ದಾಟಿದ ನನಗಿಂತ, ಮೂಲೆ ಸೀಟಿನಲ್ಲಿ ಕೂರುವ, ಎರಡು ಮಕ್ಕಳ ತಂದೆಯಾದ ಒಬ್ಬ ಅಣ್ಣನಿಗೆ ಅದು ಜೀವ ಕೊಟ್ಟ ಹಾಗಾಯಿತು. ಅವ್ವ ಫೋನ್‌ನಲ್ಲಿ ಇವತ್ತಿಗೂ ಮೊದಲು ಕೇಳುವುದು ಒಂದೇ: "ಈ ಸಲನಾದ್ರೂ ಕರೀತಾರಂತೇನವ್ವಾ?"

ಐದಕ್ಕೆ ಎಷ್ಟು ಅಂಕ ಅಂದರೆ, ರೂಮ್‌ಗೆ ಮೂರೂವರೆ. ಶೌಚಾಲಯ, ಕುರ್ಚಿ ಸರಿ ಮಾಡಿದರೆ ನಾಲ್ಕೂವರೆ. ಪರೀಕ್ಷೆ ದಿನಾಂಕ ಗೊತ್ತಿದ್ದಾಗ ಇದಕ್ಕಿಂತ ಒಳ್ಳೆಯ ಖರ್ಚು ಇಲ್ಲ. ದಿನಾಂಕ ಇಲ್ಲದಾಗ ಇಡೀ ದಿನದ ಸೀಟು ಬೇಡ. ನಾನು 2026ರ ಜನವರಿಯಿಂದ ಬೆಳಗಿನ ಪಾಳಿಗೆ ಬದಲಾಗಿದ್ದೇನೆ, ಆರರಿಂದ ಹನ್ನೆರಡು, 500 ರೂಪಾಯಿ. ಸಂಜೆ ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಗಣಿತ ಟ್ಯೂಷನ್ ಹೇಳುತ್ತೇನೆ. ಕೈಯಲ್ಲಿ ನನ್ನದೇ ನಾಲ್ಕು ಕಾಸು ಇದ್ದರೆ ಓದು ಕೂಡ ಹೆಚ್ಚು ತಲೆಗೆ ಹತ್ತುತ್ತಿದೆ.

ಸೇರುವವರು ಫೀ ತಿಂಗಳ ತಿಂಗಳಿಗೇ ಕಟ್ಟಿ. ರಸೀದಿಯ ಹಿಂದೆ ಏನು ಬರೆದಿದೆ ಓದಿ. ರೂಮ್ ನೋಡಲು ಬೆಳಿಗ್ಗೆ ಹೋಗಬೇಡಿ, ಆಗ ಎಲ್ಲ ರೂಮೂ ಚೆನ್ನಾಗಿ ಕಾಣುತ್ತದೆ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಮೂರಕ್ಕೆ ಹೋಗಿ, ಫ್ಯಾನ್ ಗಾಳಿ ಟೇಬಲ್‌ವರೆಗೆ ಬರುತ್ತದಾ ನೋಡಿ, ಶೌಚಾಲಯದ ಬಾಗಿಲು ತೆರೆದು ನೋಡಿ, ಆಮೇಲೆ ಅಲ್ಲಿ ಓದುತ್ತಿರುವ ಒಬ್ಬ ಹುಡುಗಿಯನ್ನು ಹೊರಗೆ ಕರೆದು ಐದು ನಿಮಿಷ ಮಾತಾಡಿ.